ಹೊಸ ಮನೆಯ ವೈರಿಂಗಿಗೆ ಎಷ್ಟು ಹಣ ಎತ್ತಿಡಬೇಕು?
(ಯಗಟಿ ಹೋಬಳಿಯಲ್ಲಿ ಮನೆ ಕಟ್ಟುವವರಿಗಾಗಿ ಮಾಡಿದ ಭಾಷಣದ ಪಾಠ)



ಮನೆ ಕಟ್ಟಲು ಹೊರಟ ನಮ್ಮ ರೈತನನ್ನು ಸಾಮಾನಿನ ಲೆಕ್ಕ ಕೇಳಿ ನೋಡಿ. ಇಟ್ಟಿಗೆ ಎಷ್ಟು ಸಾವಿರ, ಸಿಮೆಂಟು ಎಷ್ಟು ಚೀಲ, ಕಬ್ಬಿಣ ಎಷ್ಟು ಟನ್ನು, ಬಾಗಿಲಿಗೆ ಯಾವ ಮರ, ಎಲ್ಲವೂ ಅವನ ನಾಲಗೆಯ ತುದಿಯಲ್ಲಿದೆ. ಕರೆಂಟಿನ ಕೆಲಸಕ್ಕೆ ಎಷ್ಟು ಇಟ್ಟಿದ್ದೀಯಪ್ಪಾ ಎಂದರೆ ಮಾತ್ರ, "ಅದಕ್ಕೇನು, ಆಮೇಲೆ ನೋಡಿದರಾಯಿತು" ಎನ್ನುತ್ತಾನೆ. ಈ 'ಆಮೇಲೆ' ಬರುವುದು ಯಾವಾಗ? ಗೃಹಪ್ರವೇಶದ ದಿನ ಗೊತ್ತಾಗಿ, ನೆಂಟರಿಗೆಲ್ಲ ಹೇಳಿಯಾದ ಮೇಲೆ. ಕೊಬ್ಬರಿಯ ದುಡ್ಡು, ಅಡಿಕೆಯ ದುಡ್ಡು ಎರಡೂ ಗೋಡೆಯೊಳಗೆ ಸೇರಿಹೋದ ಮೇಲೆ. ಆಗ ಅವನು ಮಾಡುವುದು ಎರಡರಲ್ಲಿ ಒಂದು: ಕೈಸಾಲ ತರುತ್ತಾನೆ, ಇಲ್ಲವೇ ಸಿಕ್ಕಿದ ಅಗ್ಗದ ವೈರು ಎಳೆಸಿ, ಅರ್ಥಿಂಗ್ ಗುಂಡಿಯನ್ನು ಕೈಬಿಟ್ಟು, ದೀಪ ಹತ್ತಿತಲ್ಲ ಎಂದು ಸಮಾಧಾನ ಪಡುತ್ತಾನೆ. ಹಾಗೆ ಕೈಬಿಟ್ಟದ್ದು ಹೊರಗೆ ಕಾಣುವುದಿಲ್ಲ. ಒದ್ದೆ ಕೈಯಿಂದ ಗೀಸರಿನ ಸ್ವಿಚ್ಚು ಮುಟ್ಟಿದವರಿಗೆ, ನೀರಿನ ಮೋಟಾರಿನ ಮೈ ಮುಟ್ಟಿದ ಮಗುವಿಗೆ ಅದು ಗೊತ್ತಾಗುತ್ತದೆ. ಆದುದರಿಂದ ಪಾಯ ತೋಡುವ ಮೊದಲೇ ಮಾಡಿಟ್ಟುಕೊಳ್ಳಬೇಕಾದ ಒಂದು ಲೆಕ್ಕವನ್ನು ಈ ಹೊತ್ತು ತಮ್ಮ ಮುಂದೆ ಇಡುತ್ತೇನೆ.

ನಮ್ಮ ನಾಡಿಗೆ ವಿದ್ಯುಚ್ಛಕ್ತಿ ಹೊಸದೇನೂ ಅಲ್ಲ. 1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಉರಿಯಿತು. ಹಳ್ಳಿಯ ಮನೆಗೆ ಅದು ಬಂದು ಮುಟ್ಟಲು ಬಹಳ ಕಾಲ ಹಿಡಿಯಿತು. ಬಂದಾಗಲೂ ಹಲವು ಮನೆಗಳಿಗೆ ಒಂದೇ ದೀಪವಾಗಿ ಬಂದಿತು. ಆ ಕಾಲದಲ್ಲಿ ವೈರಿಂಗಿನ ಖರ್ಚೆಂದರೆ ಒಂದು ಮರದ ಪಟ್ಟಿ, ಕೆಲವು ಗಜ ತಂತಿ, ಒಂದು ಸ್ವಿಚ್ಚು. ಹಿರಿಯರ ಮನಸ್ಸಿನಲ್ಲಿ ಇನ್ನೂ ಆ ಲೆಕ್ಕವೇ ಉಳಿದಿದೆ. ಇಂದಿನ ಮನೆಯಲ್ಲಾದರೋ ಮಿಕ್ಸಿ, ಫ್ರಿಜ್ಜು, ಟಿ.ವಿ., ಸಂಪಿನ ಮೋಟಾರು, ಫೋನಿನ ಚಾರ್ಜರು ಎಲ್ಲವೂ ಇವೆ. ಹಳೆಯ ಲೆಕ್ಕ ಸಾಲದು.

ಅಂದಾಜಿಗೆ ಮೊದಲು ಬೇಕಾದದ್ದು ಅಂಗಡಿಯ ದರವಲ್ಲ, ಮನೆಯ ನಕ್ಷೆ. ಒಂದು ಹಾಳೆಯ ಮೇಲೆ ಕೋಣೆಗಳನ್ನು ಬರೆದು, ಮನೆಯ ಹೆಂಗಸರನ್ನು ಕೂರಿಸಿಕೊಂಡು, ಎಲ್ಲಿ ಏನು ಬೇಕೆಂದು ಗುರುತು ಹಾಕಿರಿ. ಹೆಂಗಸರನ್ನು ಎಂದು ಬೇಕೆಂದೇ ಹೇಳುತ್ತಿದ್ದೇನೆ. ಮಿಕ್ಸಿ ಎಲ್ಲಿಡಬೇಕು, ರುಬ್ಬುವ ಗ್ರೈಂಡರು ಎಲ್ಲಿ ನಿಲ್ಲುತ್ತದೆ ಎಂಬುದು ಗಂಡಸಿಗೆ ತಿಳಿಯದು. ತಿಳಿಯದೆ ಮಾಡಿಸಿದ ಅಡುಗೆಮನೆಯಲ್ಲಿ ನೀರಿನ ತೊಟ್ಟಿಯ ಮೇಲೆಯೇ ಪ್ಲಗ್ಗು ಬರುತ್ತದೆ.

ಒಂದು ಸಾಧಾರಣ ಮನೆಯನ್ನು ತೆಗೆದುಕೊಳ್ಳೋಣ. ಜಗಲಿ, ಹಜಾರ, ಎರಡು ಕೋಣೆ, ಅಡುಗೆಮನೆ, ದೇವರಮನೆ, ಬಚ್ಚಲು, ಶೌಚದ ಕೋಣೆ, ಹಿತ್ತಿಲು, ತಾರಸಿಗೆ ಹೋಗುವ ಮೆಟ್ಟಿಲು. ದೀಪ: ಹಜಾರಕ್ಕೆ 2, ಎರಡು ಕೋಣೆಗೆ 2, ಉಳಿದ ಏಳು ಕಡೆಗೆ ಒಂದೊಂದು, ಒಟ್ಟು 11. ಫ್ಯಾನು: ಹಜಾರಕ್ಕೆ 1, ಕೋಣೆಗಳಿಗೆ 2, ಒಟ್ಟು 3. ಸಣ್ಣ ಪ್ಲಗ್ಗು, ಅಂದರೆ 6 ಆಂಪಿಯರಿನದು: ಹಜಾರಕ್ಕೆ 2, ಕೋಣೆಗಳಿಗೆ 2, ಅಡುಗೆಮನೆಗೆ 1, ಒಟ್ಟು 5. ಇವೆಲ್ಲ ಸೇರಿ 19 ಸಣ್ಣ ಪಾಯಿಂಟು. ಇದಲ್ಲದೆ ದೊಡ್ಡ ಪ್ಲಗ್ಗು, 16 ಆಂಪಿಯರಿನದು: ಅಡುಗೆಮನೆಗೆ 2, ಬಚ್ಚಲ ಗೀಸರಿಗೆ 1, ಹಿತ್ತಿಲಲ್ಲಿ ಮೋಟಾರಿಗೆ 1, ಒಟ್ಟು 4. ಸ್ವಿಚ್ ಬೋರ್ಡು 7.

ದೀಪ, ಫ್ಯಾನುಗಳ ಒಂದು ಸರ್ಕೀಟಿನಲ್ಲಿ 10 ಪಾಯಿಂಟಿಗೆ ಅಥವಾ 800 ವಾಟಿಗೆ ಮೀರಬಾರದೆಂಬುದು ಬಹಳ ಕಾಲದಿಂದ ಬಂದ ಕಟ್ಟಳೆ. ಹಾಗಾಗಿ 19 ಪಾಯಿಂಟಿಗೆ ಎರಡು ಸರ್ಕೀಟು. ಅಡುಗೆಮನೆಯ ಎರಡು ದೊಡ್ಡ ಪ್ಲಗ್ಗಿಗೆ ಒಂದು, ಗೀಸರಿಗೆ ಒಂದು, ಮೋಟಾರಿಗೆ ಒಂದು. ಒಟ್ಟು ಐದು ಸರ್ಕೀಟು, ಐದು ಎಂ.ಸಿ.ಬಿ. ಮುಂದಕ್ಕೆಂದು ಒಂದು ಖಾಲಿ ಜಾಗ ಬಿಟ್ಟು ಆರರ ಪೆಟ್ಟಿಗೆ ತರಬೇಕು.

ಗೀಸರಿನ ವಿಷಯದಲ್ಲಿ ಒಂದು ಮಾತು. ತೆಂಗಿನ ಮಟ್ಟೆ, ಗರಿ ಹಿತ್ತಿಲಲ್ಲಿ ರಾಶಿ ಬಿದ್ದಿರುವ ನಮ್ಮ ಕಡೆಯಲ್ಲಿ ಹಂಡೆಯ ಒಲೆ ಇನ್ನೂ ಉರಿಯುತ್ತಲೇ ಇದೆ. ಗೀಸರು ಈಗಲೇ ಬೇಡವೆಂದರೆ ಬೇಡ. ಆದರೆ ಗೋಡೆಯೊಳಗೆ ಖಾಲಿ ಪೈಪನ್ನು ಇಟ್ಟು ಬಿಡಿ. ಪೈಪಿಗೆ ಆಗುವ ಖರ್ಚು ಅತ್ಯಲ್ಪ. ನಾಳೆ ಗೋಡೆ ಒಡೆಸಿ, ಗಾರೆ ಮಾಡಿಸಿ, ಬಣ್ಣ ಹೊಡೆಸುವುದಕ್ಕೆ ಆಗುವುದು ಅದರ ಹತ್ತಾರು ಪಾಲು. ಮಹಡಿ ಕಟ್ಟುವ ಆಸೆಯಿದ್ದವರು ಮೇಲಕ್ಕೂ ಒಂದು ಖಾಲಿ ಪೈಪು ಬಿಡುವುದು ಒಳ್ಳೆಯದು.

ಈಗ ವೈರಿನ ಲೆಕ್ಕ. ವೈರಿಂಗಿನ ಹಣದಲ್ಲಿ ದೊಡ್ಡ ಪಾಲನ್ನು ತಿನ್ನುವುದೇ ಇದು. ಆದುದರಿಂದ ಸ್ವಲ್ಪ ನಿಧಾನವಾಗಿ ಕೇಳಿರಿ. ಸ್ವಿಚ್ ಬೋರ್ಡಿನಿಂದ ಗೋಡೆ ಹತ್ತಿ, ತಾರಸಿಯಲ್ಲಿ ಹರಿದು, ದೀಪದವರೆಗಿನ ದಾರಿಯನ್ನು ನಕ್ಷೆಯ ಮೇಲೆ ಅಳೆಯಬೇಕು. ನಮ್ಮ ಉದಾಹರಣೆಯ ಮನೆಯಲ್ಲಿ ಸರಾಸರಿ 6 ಮೀಟರ್ ಎಂದು ಹಿಡಿಯೋಣ. ಫೇಸ್ ಒಂದು, ನ್ಯೂಟ್ರಲ್ ಒಂದು, ಎಂದರೆ ಪಾಯಿಂಟಿಗೆ 12 ಮೀಟರ್. 19 ಪಾಯಿಂಟಿಗೆ 228 ಮೀಟರ್. ಎಂ.ಸಿ.ಬಿ. ಪೆಟ್ಟಿಗೆಯಿಂದ ಏಳು ಬೋರ್ಡುಗಳಿಗೆ ತಲಾ 8 ಮೀಟರ್ ದಾರಿ, ಎರಡೆರಡು ವೈರು, ಅದು 112 ಮೀಟರ್. ಎರಡೂ ಸೇರಿ 340. ತುಂಡು, ಗಂಟು, ಕತ್ತರಿಸಿದ ತುದಿ ಇತ್ಯಾದಿಗಳಿಗೆ ನೂರಕ್ಕೆ ಹತ್ತು ಸೇರಿಸಿದರೆ 374 ಮೀಟರ್. ಇದು ಒಂದೂವರೆ ಚದರ ಮಿಲಿಮೀಟರಿನ ವೈರು. ಅಂಗಡಿಯಲ್ಲಿ 'ಒಂದೂವರೆ ಎಂ.ಎಂ.' ಎಂದರೆ ಕೊಡುತ್ತಾರೆ.

ಕಾಯಿಲು ಸಾಮಾನ್ಯವಾಗಿ 90 ಮೀಟರಿನದು. 374ನ್ನು 90ರಿಂದ ಭಾಗಿಸಿ ನಾಲ್ಕು ಚಿಲ್ಲರೆ ಕಾಯಿಲು ಎಂದು ತರಬೇಡಿ, ಏಕೆಂದರೆ ಒಂದು ಕಾಯಿಲಿನಲ್ಲಿ ಒಂದೇ ಬಣ್ಣ ಇರುತ್ತದೆ. ಫೇಸಿಗೆ ಕೆಂಪು 187 ಮೀಟರ್, ನ್ಯೂಟ್ರಲಿಗೆ ಕಪ್ಪು 187 ಮೀಟರ್. ಎರಡೆರಡು ಕಾಯಿಲು ತಂದು, ಮೇಲೆ ಬೇಕಾದ ಏಳೇಳು ಮೀಟರನ್ನು ಬಿಡಿಯಾಗಿ ತರಬಹುದು. ಬಣ್ಣ ಏಕೆಂದರೆ, ಹತ್ತು ವರ್ಷದ ಮೇಲೆ ಬೇರೆ ಯಾರೋ ಬೋರ್ಡು ಬಿಚ್ಚಿದಾಗ ಯಾವುದು ಕೊಲ್ಲುವ ತಂತಿ ಎಂದು ಅವನಿಗೆ ತಿಳಿಯಬೇಕು. ಕಪ್ಪು ವೈರು ಮುಗಿಯಿತೆಂದು ಕೆಂಪನ್ನೇ ಎರಡಕ್ಕೂ ಎಳೆಯುವವರಿದ್ದಾರೆ. ಒಪ್ಪಬೇಡಿ. ಹಸಿರು ಅರ್ಥ್ ವೈರಿಗೆ ಫ್ಯಾನು, ಪ್ಲಗ್ಗುಗಳ ಎಂಟು ದಾರಿಗೆ 48, ಬೋರ್ಡುಗಳಿಗೆ 56, ಹತ್ತಂಶ ಸೇರಿ ಸುಮಾರು 114 ಮೀಟರ್ ಬೇಕು.

ದೊಡ್ಡ ಪ್ಲಗ್ಗುಗಳಿಗೆ 'ಎರಡೂವರೆ ಎಂ.ಎಂ.' ವೈರು. ಅಡುಗೆಮನೆಗೆ 12, ಬಚ್ಚಲಿಗೆ 10, ಮೋಟಾರಿಗೆ 14 ಮೀಟರ್ ದಾರಿ ಎಂದರೆ 36. ಕೆಂಪು, ಕಪ್ಪು, ಹಸಿರು ಮೂರೂ ತಲಾ 40 ಮೀಟರ್ ಸಾಕು. ಮೀಟರಿನಿಂದ ಪೆಟ್ಟಿಗೆಯವರೆಗೆ 4 ಅಥವಾ 6ರ ವೈರು ಬೇಕು.

ಪೈಪಿನ ಒಂದು ಉದ್ದ 3 ಮೀಟರ್. ದಾರಿಗಳನ್ನೆಲ್ಲ ಕೂಡಿದರೆ ನಮ್ಮ ಮನೆಯಲ್ಲಿ 206 ಮೀಟರ್ ಆಗುತ್ತದೆ, ಎಂದರೆ 69 ಪೈಪು. ಆದರೆ ಒಂದೇ ಪೈಪಿನಲ್ಲಿ ಎರಡು ಮೂರು ದಾರಿ ಕೂಡಿ ಹೋಗುವುದರಿಂದ ಅಷ್ಟು ಬೇಕಾಗಲಾರದು; ಮೊದಲು 50 ತರಿಸಿರಿ.

ಅಂಗಡಿಯವರು "ಈ ದರ ಈ ವಾರಕ್ಕೆ ಮಾತ್ರ" ಎಂದರೆ ಮೋಸವೆಂದು ತಿಳಿಯಬೇಕಾಗಿಲ್ಲ. ವೈರಿನ ಬೆಲೆಯೆಂದರೆ ಹೆಚ್ಚಿನ ಪಾಲು ತಾಮ್ರದ ಬೆಲೆ, ತಾಮ್ರದ ಬೆಲೆ ಲಂಡನ್ನಿನ ಲೋಹದ ಪೇಟೆಯಲ್ಲಿ ದಿನದಿನವೂ ಏರಿಳಿಯುತ್ತದೆ. ನಮ್ಮ ಕೊಬ್ಬರಿ ಧಾರಣೆಯಂತೆಯೇ. ಆದುದರಿಂದ ಇಂದು ಕೇಳಿಬಂದ ಮೊತ್ತಕ್ಕೆ ಕೈಯಲ್ಲಿ ಸ್ವಲ್ಪ ಹೆಚ್ಚುವರಿ ಇಟ್ಟುಕೊಳ್ಳಬೇಕು. ಬರೆದು ಕೊಟ್ಟ ದರದಲ್ಲಿ ಜಿ.ಎಸ್.ಟಿ. ಸೇರಿದೆಯೇ, ಬೇರೆಯೇ ಎಂದೂ ಕೇಳಿರಿ. ಎಷ್ಟೋ ಅಂದಾಜುಪಟ್ಟಿಗಳು ಎಡವುವುದು ಅಲ್ಲಿಯೇ.

ಈ ತಾಮ್ರದ ಮಾತಿನಿಂದಲೇ ಕಳಪೆ ವೈರನ್ನು ಹಿಡಿಯುವ ಒಂದು ಉಪಾಯ ಹುಟ್ಟುತ್ತದೆ. ಒಂದು ಚದರ ಮಿಲಿಮೀಟರ್ ದಪ್ಪದ, ಒಂದು ಮೀಟರ್ ಉದ್ದದ ತಾಮ್ರ ಸುಮಾರು 9 ಗ್ರಾಂ ತೂಗುತ್ತದೆ. ಹಾಗಿದ್ದರೆ ಎರಡೂವರೆಯ 90 ಮೀಟರ್ ಕಾಯಿಲಿನಲ್ಲಿ ಸುಮಾರು 2 ಕಿಲೋ ತಾಮ್ರವಿರಬೇಕು, ಒಂದೂವರೆಯದರಲ್ಲಿ 1 ಕಿಲೋ 200 ಗ್ರಾಂ. ಮೇಲಿನ ಪಿ.ವಿ.ಸಿ. ಹೊದಿಕೆಯ ತೂಕ ಇದಕ್ಕೆ ಸೇರುತ್ತದೆ. ಹೊದಿಕೆಯೂ ಸೇರಿ ಎರಡೂವರೆಯ ಕಾಯಿಲು 2 ಕಿಲೋಗೂ ಕಡಿಮೆ ತೂಗಿದರೆ ಅಲ್ಲಿ ಒಂದೋ ತಂತಿ ತೆಳುವಾಗಿದೆ, ಇಲ್ಲವೇ ಉದ್ದ ಕಡಿಮೆಯಿದೆ, ಇಲ್ಲವೇ ಅದು ತಾಮ್ರವೇ ಅಲ್ಲ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಮಾಡಿ ಮಾರುವುದೂ ಉಂಟು. ಚಾಕುವಿನಿಂದ ಎಳೆಯನ್ನು ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ವೈರಿನ ಮೈಮೇಲೆ ಐ.ಎಸ್.ಐ. ಗುರುತು, ಅದರೊಡನೆ ಐ.ಎಸ್. 694 ಎಂಬ ಸಂಖ್ಯೆ ಅಚ್ಚಾಗಿರಬೇಕು. ತಕ್ಕಡಿ ಇಲ್ಲದ ಹಳ್ಳಿ ಯಾವುದೂ ಇಲ್ಲವಷ್ಟೆ?

ತೋಟದಲ್ಲಿ ಮನೆ ಕಟ್ಟುವವರಿಗೆ ಇನ್ನೊಂದು ಖರ್ಚುಂಟು. ಕಂಬ ದೂರ, ಮನೆ ಒಳಗೆ. ಮೀಟರನ್ನು ಕಂಬದ ಬಳಿಯ ಕೋಣೆಯಲ್ಲಿಟ್ಟು, ಅಲ್ಲಿಂದ ನೂರು ಮೀಟರ್ ಎರಡೂವರೆ ವೈರನ್ನೇ ಎಳೆದು ಮನೆಗೆ ತಂದರೆಂದು ಭಾವಿಸಿ. ಹೋಗಿ ಬರುವ ಇನ್ನೂರು ಮೀಟರ್ ತಂತಿಯ ತಡೆ ಸುಮಾರು ಒಂದೂವರೆ ಓಮ್. 3000 ವಾಟಿನ ಗೀಸರು 13 ಆಂಪಿಯರ್ ಎಳೆಯುತ್ತದೆ. 230 ವೋಲ್ಟಿನಲ್ಲಿ ಸುಮಾರು 20 ವೋಲ್ಟು ದಾರಿಯಲ್ಲಿಯೇ ಕರಗಿ ಹೋಗುತ್ತದೆ. ದೀಪ ಮಂಕಾಗುತ್ತದೆ, ಮೋಟಾರು ಬಿಸಿಯಾಗಿ ಸುಡುತ್ತದೆ, ವೈರು ಬಿಸಿಯಾಗಲು ಹೋದ ಯೂನಿಟ್ಟೂ ನಿಮ್ಮ ಮೀಟರಿನಲ್ಲೇ ದಾಖಲಾಗುತ್ತದೆ. ದೂರ ಹೆಚ್ಚಿದಷ್ಟೂ ದಪ್ಪ ವೈರು ಬೇಕು, ಹಣವೂ ಹೆಚ್ಚು ಬೇಕು. ತೆಂಗಿನ ಮರದ ಕೆಳಗೆ ತಂತಿ ಎಳೆಸಿದರೆ ಗರಿ ಬಿದ್ದಾಗಲೆಲ್ಲ ತೊಂದರೆ. ದಾರಿ ಆರಿಸುವಾಗಲೇ ನೋಡಿಕೊಳ್ಳಿ.

ಸಾಮಾನಿನ ಲೆಕ್ಕ ಆಯಿತು, ಕೂಲಿಗೆ ಬರೋಣ. ಕೆಲವರು ಚದರಡಿಗೆ ಇಷ್ಟು ಎನ್ನುತ್ತಾರೆ, ಕೆಲವರು ಸಾಮಾನು ಕೂಲಿ ಎರಡೂ ಸೇರಿ ಪಾಯಿಂಟಿಗೆ ಇಷ್ಟು ಎನ್ನುತ್ತಾರೆ, ಕೆಲವರು ಕೂಲಿ ಮಾತ್ರ ಪಾಯಿಂಟಿಗೆ ಇಷ್ಟು ಎನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕೊನೆಯದೇ ನಮ್ಮಂಥವರಿಗೆ ಸರಿ. ಸಾಮಾನನ್ನು ಕಡೂರಿನಿಂದಲೋ ಬೀರೂರಿನಿಂದಲೋ ನೀವೇ ಬಿಲ್ಲಿನ ಮೇಲೆ ತನ್ನಿರಿ. ಏನು ಗೋಡೆಯೊಳಗೆ ಹೋಯಿತೆಂಬುದು ನಿಮಗೆ ಗೊತ್ತಿರುತ್ತದೆ.

ಆದರೆ 'ಪಾಯಿಂಟು' ಎಂದರೇನು ಎಂಬುದರಲ್ಲಿಯೇ ಜಗಳವಿದೆ. ಒಬ್ಬ ಮೇಸ್ತ್ರಿ ಪಾಯಿಂಟಿಗೆ 500 ರೂಪಾಯಿ ಎಂದು, ಮತ್ತೊಬ್ಬ 450 ಎಂದು ಹೇಳಿದರೆಂದಿಟ್ಟುಕೊಳ್ಳಿ. ಇವು ಲೆಕ್ಕಕ್ಕೆಂದು ಹಿಡಿದ ಮೊಬಲಗು, ಪೇಟೆಯ ದರವಲ್ಲ. ಕಡಿಮೆಯವನೇ ಲೇಸೆಂದು ಯಾರಾದರೂ ಹೇಳುತ್ತಾರೆ. ಮೊದಲನೆಯವನು ದೊಡ್ಡದು ಚಿಕ್ಕದು ಎನ್ನದೆ 23 ಪಾಯಿಂಟು ಎಣಿಸುತ್ತಾನೆ. 11,500 ರೂಪಾಯಿ ಆಯಿತು. ಎರಡನೆಯವನು ದೊಡ್ಡ ಪ್ಲಗ್ಗು ಒಂದನ್ನು ಎರಡು ಪಾಯಿಂಟಾಗಿಯೂ, ಬೋರ್ಡು ಒಂದನ್ನು ಒಂದು ಪಾಯಿಂಟಾಗಿಯೂ ಎಣಿಸುತ್ತಾನೆ. 19, ಅದಕ್ಕೆ 8, ಅದಕ್ಕೆ 7, ಒಟ್ಟು 34. 15,300 ರೂಪಾಯಿ ಆಯಿತು. ಇಬ್ಬರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ನೀವು ಕೇಳಲಿಲ್ಲ, ಅಷ್ಟೆ. ಫ್ಯಾನಿನ ರೆಗ್ಯುಲೇಟರು, ಎಂ.ಸಿ.ಬಿ. ಪೆಟ್ಟಿಗೆ, ಮೀಟರ್ ಬೋರ್ಡು, ಗೋಡೆ ಕೊರೆಯುವುದು, ಕೊರೆದದ್ದನ್ನು ಮುಚ್ಚುವುದು, ಅರ್ಥಿಂಗ್ ಗುಂಡಿ ತೋಡುವುದು, ಇವು ಒಳಗೋ ಹೊರಗೋ ಎಂದು ಒಂದು ಹಾಳೆಯ ಮೇಲೆ ಬರೆದು ಇಬ್ಬರೂ ರುಜು ಹಾಕುವುದು ಕ್ಷೇಮ. ಹಣವನ್ನು ಒಂದೇ ಸಲ ಕೊಡಬಾರದು. ತಾರಸಿಯ ಪೈಪು ಇಟ್ಟಾಗ ಒಂದು ಪಾಲು, ಗೋಡೆಯ ಪೈಪು ಮುಗಿದಾಗ ಒಂದು, ವೈರು ಎಳೆದಾಗ ಒಂದು, ಪರೀಕ್ಷೆ ಮುಗಿದು ದೀಪ ಹತ್ತಿದ ಮೇಲೆ ಕೊನೆಯದು.

ಮೋಲ್ಡ್ ಹಾಕುವ ದಿನ ವೈರಿಂಗಿನವನು ಇರಲೇಬೇಕೆಂಬುದನ್ನು ಮರೆಯಬೇಡಿ. ಕಾಂಕ್ರೀಟು ಸುರಿಯುವ ಮೊದಲು ಕಬ್ಬಿಣದ ನಡುವೆ ಪೈಪನ್ನೂ ಫ್ಯಾನಿನ ಡಬ್ಬಿಯನ್ನೂ ಕಟ್ಟಬೇಕು. ಆದುದರಿಂದ ವೈರಿಂಗಿನ ಹಣದ ಮೊದಲ ಕಂತು ಮನೆ ಮುಗಿದಾಗ ಬೇಕಾಗುವುದಲ್ಲ, ತಾರಸಿ ಹಾಕುವಾಗಲೇ ಬೇಕಾಗುವುದು. ಹೆಂಚಿನ ಮನೆಯವರಿಗೆ ಈ ಅವಸರವಿಲ್ಲ. ಮರದ ಜೊತೆಗೆ ಹೊರಗಿನಿಂದಲೇ ಪೈಪು ಬಡಿಸಬಹುದು, ಖರ್ಚೂ ಕಡಿಮೆ.

ಎಲ್ಲಿ ಕೈ ಬಿಗಿ ಹಿಡಿಯಬಹುದು, ಎಲ್ಲಿ ಹಿಡಿಯಬಾರದು? ಸ್ವಿಚ್ಚಿನ ಚೆಂದದ ಮುಖಪಟ್ಟಿ, ಬಣ್ಣದ ದೀಪದ ಸಾಲು, ಹಜಾರದ ಸುಳ್ಳು ಸೂರಿನೊಳಗಿನ ಹನ್ನೆರಡು ಬಲ್ಬು, ಇವನ್ನು ಧಾರಾಳವಾಗಿ ಕೈಬಿಡಿ. ಮುಂದಿನ ಸುಗ್ಗಿಗೆ ಹಾಕಿಸಬಹುದು. ವೈರಿನ ದಪ್ಪ, ಅರ್ಥಿಂಗ್, ಮತ್ತು ಆರ್.ಸಿ.ಸಿ.ಬಿ. ಎಂಬ ರಕ್ಷಣೆಯ ಸ್ವಿಚ್ಚು, ಈ ಮೂರರಲ್ಲಿ ಬಿಗಿ ಹಿಡಿಯಕೂಡದು. ಎಂ.ಸಿ.ಬಿ. ಇದೆಯಲ್ಲ, ಇದೇಕೆ ಎಂದು ಕೇಳುವಿರಿ. ಎಂ.ಸಿ.ಬಿ. ಕಾಯುವುದು ವೈರನ್ನು. 16 ಆಂಪಿಯರಿನ ಎಂ.ಸಿ.ಬಿ. ಅದಕ್ಕೆ ಮೀರಿ ಹರಿದರೆ ಮಾತ್ರ ಬೀಳುತ್ತದೆ. ಮನುಷ್ಯ ಸಾಯಲು ಆಂಪಿಯರಿನ ಹತ್ತರಲ್ಲೊಂದು ಪಾಲೂ ಬೇಡ. ಆರ್.ಸಿ.ಸಿ.ಬಿ.ಯಾದರೋ ಹೋದ ಕರೆಂಟು, ಹಿಂದಿರುಗಿದ ಕರೆಂಟು ಎರಡನ್ನೂ ತೂಗಿ ನೋಡುತ್ತಿರುತ್ತದೆ. ನಡುವೆ 30 ಮಿಲಿಆಂಪಿಯರ್ ಯಾರ ಮೈಯಿಂದಲೋ ನೆಲಕ್ಕೆ ಸೋರಿದರೂ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಕತ್ತರಿಸುತ್ತದೆ. ತರುವಾಗ '30 ಮಿಲಿಆಂಪಿಯರ್' ಎಂದೇ ಕೇಳಿ ತರಬೇಕು. 100, 300ರದೂ ಅಂಗಡಿಯಲ್ಲಿವೆ, ಅವು ಮೈಯನ್ನು ಕಾಯುವಂಥವಲ್ಲ. ತಿಂಗಳಿಗೊಮ್ಮೆ ಅದರ ಮೇಲಿನ ಪರೀಕ್ಷೆಯ ಗುಂಡಿ ಒತ್ತಿ, ಬೀಳುತ್ತದೆಯೇ ಎಂದು ನೋಡಿರಿ.

ಅರ್ಥಿಂಗ್ ವಿಷಯದಲ್ಲಿ ನಮ್ಮ ನೆಲಕ್ಕೆ ತಕ್ಕ ಮಾತೊಂದಿದೆ. ಕಡೂರು ಸೀಮೆ ಮಳೆ ಕಡಿಮೆಯ ಬಯಲು. ಒಣ ಮಣ್ಣಿನಲ್ಲಿ ಕರೆಂಟು ಇಳಿಯದು. ಮೇಲೆ ಎರಡಡಿ ಕಬ್ಬಿಣದ ಸರಳು ಹೊಡೆದು ಅರ್ಥ್ ಮಾಡಿದೆವೆಂದರೆ ಮಳೆಗಾಲಕ್ಕೆ ಸರಿಹೋಗಬಹುದು. ಬೇಸಗೆಯಲ್ಲಿ ಅದು ಇದ್ದೂ ಇಲ್ಲದಂತೆ. ಎರಡೂವರೆ ಮೀಟರ್ ಉದ್ದದ ಜಿ.ಐ. ಪೈಪು ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿ, ನೀರು ಹಾಕಲು ಮೇಲೆ ಬಾಯಿ ಬಿಟ್ಟು, ಸಣ್ಣ ಕಟ್ಟೆ ಕಟ್ಟಿ ಮುಚ್ಚಳ ಇಡಬೇಕು. ಪಾಯದಿಂದ ಒಂದೂವರೆ ಮೀಟರಾದರೂ ದೂರವಿರಲಿ. ಬಚ್ಚಲ ನೀರು ಹರಿಯುವ ತೆಂಗಿನ ಬುಡದ ಹತ್ತಿರ ಜಾಗ ಸಿಕ್ಕಿದರೆ ಬಹಳ ಒಳ್ಳೆಯದು, ತೇವ ಆರುವುದಿಲ್ಲ. ಇಲ್ಲವಾದರೆ ಮಾಘ ಕಳೆದ ಮೇಲೆ ವಾರಕ್ಕೆ ಒಂದೆರಡು ಕೊಡ ನೀರು ಹಾಕಬೇಕು. ಗುಂಡಿ ತೋಡುವ ಕೂಲಿ, ಪೈಪು, ಇದ್ದಿಲು, ಉಪ್ಪು, ಪೆಟ್ಟಿಗೆಯವರೆಗಿನ ತಂತಿ ಇವೆಲ್ಲವನ್ನೂ ಅಂದಾಜಿನಲ್ಲಿ ಬೇರೆ ಸಾಲಾಗಿಯೇ ಬರೆಯಿರಿ. ಬೇರೆ ಸಾಲಿಲ್ಲದ ಖರ್ಚು ಬಿಟ್ಟುಹೋಗುತ್ತದೆ.

ಕೆಲಸವನ್ನು ಪರವಾನಗಿಯುಳ್ಳ ಕಂಟ್ರಾಕ್ಟರರಿಂದಲೇ ಮಾಡಿಸಬೇಕು. ಮುಗಿದ ಮೇಲೆ 500 ವೋಲ್ಟಿನ ಮೆಗ್ಗರಿನಿಂದ ಅವರು ಪರೀಕ್ಷೆ ಮಾಡುವಾಗ ಎದುರಿಗೆ ನಿಂತು ನೋಡಿರಿ. ವೈರಿನ ಹೊದಿಕೆಯ ತಡೆ 1 ಮೆಗೋಮಿಗೆ ಕಡಿಮೆ ಬರಕೂಡದು. ಗಾರೆ ಮಾಡುವ ಮುಂಚೆ ಪ್ರತಿಯೊಂದು ಗೋಡೆಯ ಪೈಪು ಕಾಣುವಂತೆ ಫೋನಿನಲ್ಲಿ ಫೋಟೋ ತೆಗೆದಿಟ್ಟರೆ, ಮುಂದೆ ದೇವರ ಪಟಕ್ಕೆ ಮೊಳೆ ಹೊಡೆಯುವಾಗ ಉಪಕಾರಕ್ಕೆ ಬರುತ್ತದೆ.

ಕೊನೆಗೆ ಮನೆಯ ಹೊರಗಿನ ಖರ್ಚು. ನಮ್ಮ ಜಿಲ್ಲೆ ಮೆಸ್ಕಾಂಗೆ ಸೇರಿದ್ದು. ಕಡೂರಿನ ಅವರ ಕಚೇರಿಯಲ್ಲಿ ಅರ್ಜಿ ಕೊಡುವಾಗ ಎಷ್ಟು ಕಿಲೋವಾಟ್ ಬೇಕೆಂದು ಬರೆಯಬೇಕು. ನಮ್ಮ ಮನೆಯ ಸಾಮಾನನ್ನೆಲ್ಲ ಕೂಡಿದರೆ ಆರು ಕಿಲೋವಾಟಿನ ಹತ್ತಿರ ಬರುತ್ತದೆ. ಆದರೆ ಗೀಸರು, ಕರೆಂಟಿನ ಒಲೆ, ಮೋಟಾರು ಮೂರನ್ನೂ ಒಟ್ಟಿಗೆ ಯಾರೂ ಹಾಕುವುದಿಲ್ಲ. ಒಂದಾದ ಮೇಲೊಂದು ಹಾಕುವವರಿಗೆ 3 ಕಿಲೋವಾಟ್ ಸಾಕು. ಠೇವಣಿಯೂ, ತಿಂಗಳ ನಿಗದಿತ ಶುಲ್ಕವೂ ಕಿಲೋವಾಟಿನ ಮೇಲೆ ಹೋಗುವುದರಿಂದ ಸುಮ್ಮನೆ ಹೆಚ್ಚು ಬರೆಸಬೇಕಾಗಿಲ್ಲ. 2023ರ ಆಗಸ್ಟಿನಿಂದ ಬಂದ ಗೃಹಜ್ಯೋತಿಯ ಸಹಾಯ ತಿಂಗಳ ಬಿಲ್ಲಿಗೆ ಸಂಬಂಧಿಸಿದ್ದು. ವೈರಿಂಗಿಗೂ ಠೇವಣಿಗೂ ಅದರಿಂದ ಹಣ ಬರುವುದಿಲ್ಲ. ಇನ್ನು, ಮನೆ ಕಟ್ಟುವಾಗ ಗೋಡೆಗೆ ನೀರು ಹೊಡೆಯಲು ತೆಗೆದುಕೊಳ್ಳುವ ತಾತ್ಕಾಲಿಕ ಸಂಪರ್ಕಕ್ಕೆ ದರ ಬೇರೆ, ಮನೆಯ ದರಕ್ಕಿಂತ ಹೆಚ್ಚು. ಕಟ್ಟಡ ಎಷ್ಟು ತಿಂಗಳು ನಡೆಯುವುದೋ ಅಷ್ಟು ತಿಂಗಳ ಬಿಲ್ಲನ್ನೂ ಅಂದಾಜುಪಟ್ಟಿಯ ಕೊನೆಯ ಸಾಲಿನಲ್ಲಿ ಸೇರಿಸಿ, ಆಮೇಲೆ ಕೂಡಿಸಿರಿ.